ಎರಡು ಗಿರಣಿಯ ಹಿಟ್ಟು

ಕಳೆದ ವಾರ ಗಿರಣಿಯಿಂದ ಬಂದು ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ಹಿಟ್ಟು ಇನ್ನೂ ಬಿಸಿ ಇತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಖಾನಾಪುರದ ನಮ್ಮ ಓಣಿಯ ಗಿರಣಿ ಕಾಕು ಕಣ್ಣ ಮುಂದೆ ಬಂದು ನಿಂತಳು. ಹುಬ್ಬಿನ ಮೇಲೆ ಹಿಟ್ಟು, ರೆಪ್ಪೆಯ ಮೇಲೆ ಹಿಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಗಡಬಡಿಸಿ ಮುಚ್ಚಳ ಮುಚ್ಚಿದೆ. ಸತ್ತು ಹೋದವಳ ಮುಂದೆ ನಾಚಿಕೊಳ್ಳುವ ಹೆಂಗಸು ಬೆಳಗಾವಿಯಲ್ಲಿ ನಾನೊಬ್ಬಳೇ ಇರಬೇಕು. ಯಾಕೆ ನಾಚಿಕೆ ಎಂದು ಹೇಳುತ್ತೇನೆ. ಅದಕ್ಕೂ ಮೊದಲು ಕಾಕುವಿನ ವಿಷಯ ಹೇಳಬೇಕು.

ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಓಣಿಗೆಲ್ಲ ಅವಳು ಕಾಕುವೇ. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸಿದವಳು ಅವಳು. ಮನೆಯಲ್ಲಿ ಮರಾಠಿ, ಗಿರಣಿಯಲ್ಲಿ ಕನ್ನಡ, ಬೈಯುವಾಗ ಎರಡೂ. ಬೆಲ್ಟಿನ ಸಪ್ಪಳದ ಮೇಲೆ ಕೂಗಿ ಕೂಗಿ ರೂಢಿಯಾದ ಗಂಟಲು, ಕರೆಂಟು ಹೋದಾಗಲೂ ಇಳಿಯುತ್ತಿರಲಿಲ್ಲ. ಅವಳು ಯಾರ ಕಿವಿಯಲ್ಲಾದರೂ ಗುಟ್ಟು ಹೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಕೇಳಿಸುತ್ತಿತ್ತು.

ದೊಡ್ಡ ಊರಿನಲ್ಲಿ ಮನೆಯ ವಿಷಯ ಗೋಡೆಯೊಳಗೆ ಇರುತ್ತದೆ. ಖಾನಾಪುರದಲ್ಲಿ ಅದು ಡಬ್ಬಿಯೊಳಗೆ ಕೂತು ಗಿರಣಿಗೆ ಹೋಗುತ್ತಿತ್ತು. ಕಾಕು ಡಬ್ಬಿ ಎತ್ತಿ ಪಾಳಿಯಲ್ಲಿ ಇಡುವಾಗಲೇ, “ಯಾರ ಬಂದಾರವಾ ಮನಿಗೆ? ಬೀಗರೇನ?” ಎನ್ನುತ್ತಿದ್ದಳು. ಹಗುರಾಗಿದ್ದರೆ, “ಅತ್ತಿ ಸಿಟ್ಟಾಗಿ ಊಟಾ ಬಿಟ್ಟಾಳೇನ?” ಅದಕ್ಕೆ ಉತ್ತರ ಕೊಡದೆ ಯಾರೂ ಹಿಟ್ಟು ಒಯ್ಯುವಂತಿರಲಿಲ್ಲ. ಹುಡುಗಿಯಾಗಿದ್ದಾಗ ನನಗೆ ಈ ಊರೆಂದರೆ ಮೈ ಉರಿಯುತ್ತಿತ್ತು. ಹೊಸ ಚಪ್ಪಲಿ ಹಾಕಿಕೊಂಡು ಓಣಿಯ ತುದಿ ಮುಟ್ಟುವುದರೊಳಗೆ ಅದನ್ನು ಯಾವ ಅಂಗಡಿಯಲ್ಲಿ ಕೊಂಡೆ ಎಂದು ಎಲ್ಲರಿಗೂ ತಿಳಿದಿರುತ್ತಿತ್ತು. ಆದರೆ ನಮ್ಮ ಅಪ್ಪ ತೀರಿಕೊಂಡ ದಿನ, ನಾವು ಅಳುವುದಕ್ಕೆ ಶುರು ಮಾಡಿದ್ದೆವೋ ಇಲ್ಲವೋ, ಕಾಕು ಗಿರಣಿ ಬಂದ್ ಮಾಡಿ ಬಂದು ನಮ್ಮ ಅಡುಗೆಮನೆ ಹೊಕ್ಕಿದ್ದಳು. ಸೂತಕ ಕಳೆಯುವ ತನಕ ನಮ್ಮ ಮನೆಯ ಒಲೆ ಅವಳ ಕೈಯಲ್ಲೇ ಇತ್ತು. ಅದನ್ನೂ ಹೇಳಬೇಕಲ್ಲ.

ನನ್ನನ್ನು ಬೆಳಗಾವಿಗೆ ಕೊಟ್ಟಿದ್ದರು. ದೊಡ್ಡ ಊರು, ಯಾರೂ ಯಾರನ್ನೂ ಕೇಳುವುದಿಲ್ಲ ಎಂದು ಖುಷಿಯಿಂದ ಹೋದೆ. ಖರೇ, ಯಾರೂ ಕೇಳಲಿಲ್ಲ. ಗಂಡ ಹೊಡೆಯುತ್ತಿದ್ದ. ಗೋಡೆಯಾಚೆಯವರು ಟಿವಿಯ ಸಪ್ಪಳ ಹೆಚ್ಚು ಮಾಡುತ್ತಿದ್ದರು. ಒಂದು ವರ್ಷ ನಾಗರ ಪಂಚಮಿಗೆಂದು ಮಗಳನ್ನು ಬಗಲಲ್ಲಿ ಎತ್ತಿಕೊಂಡು ತವರಿಗೆ ಬಂದವಳು, ಉಂಡಿ ತಿಂದು, ಜೋಕಾಲಿ ಆಡಿ, ಹಬ್ಬ ಮುಗಿದರೂ ಹೋಗಲಿಲ್ಲ. “ನಾ ಹೋಗಂಗಿಲ್ಲವಾ” ಎಂದೆ. ಅವ್ವ ನನ್ನ ಬೆನ್ನಿನ ಮೇಲಿನ ಕಲೆ ನೋಡಿ ಅತ್ತಳು. ಹೋಗು ಎನ್ನಲಿಲ್ಲ. ಆದರೆ ಮನೆಯಲ್ಲಿ ತಂಗಿ ಮದುವೆಗೆ ಬಂದು ನಿಂತಿದ್ದಳು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಊರು. ಹಿರಿಯಳು ಗಂಡನನ್ನು ಬಿಟ್ಟು ಬಂದು ಕೂತಿದ್ದಾಳೆ ಎಂದು ಗೊತ್ತಾದರೆ ಕಿರಿಯಳನ್ನು ಯಾರು ಕೇಳುತ್ತಾರೆ? ಅವ್ವ ಓಣಿಗೆ ಮೊದಲು ಕೂಸಿಗೆ ಜ್ವರ ಅಂದಳು. ಆಮೇಲೆ ಬೆಳಗಾವಿಯ ಮನೆಗೆ ಬಣ್ಣ ಹಚ್ಚುತ್ತಿದ್ದಾರೆ ಅಂದಳು. ಆ ಮನೆಗೆ ನನ್ನ ಅವ್ವ ಹಚ್ಚಿಸಿದಷ್ಟು ಬಣ್ಣ ಅದರ ಮಾಲಕನೂ ಹಚ್ಚಿಸಿರಲಿಕ್ಕಿಲ್ಲ. ಕೊನೆಗೆ ಸುಳ್ಳುಗಳೆಲ್ಲ ತೀರಿ, “ಮಗಳನ್ನ ಕಳಿಸಿ ಬಂದೆ” ಎಂದು ಒಂದು ದಿನ ಎಲ್ಲರ ಮುಂದೆ ಹೇಳಿಬಿಟ್ಟಳು. ಅಂದಿನಿಂದ ನಾನು ಹಿತ್ತಲ ಖೋಲಿಯಲ್ಲಿ. ಕಿಟಕಿ ತೆರೆಯುವಂತಿಲ್ಲ, ಜೋರಾಗಿ ಕೆಮ್ಮುವಂತಿಲ್ಲ. ಒಗೆದ ನನ್ನ ಸೀರೆ ತಂಗಿಯ ಬಟ್ಟೆಯ ಕೆಳಗೆ ಒಣಗಬೇಕು. ನಾನೇನು ಪಾಪ ಮಾಡಿದ್ದೆನೋ... ಆದರೂ ನನ್ನ ಮೈಯ ಮೇಲೆ ನನಗೇ ಹೇಸಿಕೆ ಬರುವಷ್ಟು ನಾಚಿಕೆಯಾಗುತ್ತಿತ್ತು. ಹೊಡೆದವನು ಬೆಳಗಾವಿಯಲ್ಲಿ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದ, ಹೊಡೆಸಿಕೊಂಡವಳು ಇಲ್ಲಿ ಬಾಗಿಲ ಹಿಂದೆ.

ಊರಿಗೆಲ್ಲ ಸುಳ್ಳು ಹೇಳಬಹುದು, ಗಿರಣಿಗೆ ಹೇಳುವುದು ಹೇಗೆ? ತಿನ್ನುವ ಬಾಯಿ ಹೆಚ್ಚಾಗಿತ್ತು. ಅವ್ವ ಅದಕ್ಕೂ ಉಪಾಯ ಹುಡುಕಿದಳು. ಮೊದಲಿನಷ್ಟೇ ಕಾಳು ಹಾಕಿದ ಡಬ್ಬಿ ಕಾಕುವಿನ ಗಿರಣಿಗೆ. ನನ್ನ ಪಾಲಿನ ಜೋಳ ಕೈಚೀಲದಲ್ಲಿ ಹಾಕಿಕೊಂಡು, ಮೇಲೆ ಕೊತ್ತಂಬರಿ ಸಿವುಡು ಮುಚ್ಚಿ, ರೈಲ್ವೆ ಸ್ಟೇಶನ್ನಿನ ಆಚೆಯ ಬೇರೆ ಗಿರಣಿಗೆ. ಮಂಡಿ ನೋವಿನ ಹೆಂಗಸು ಅಷ್ಟು ದೂರ ನಡೆದು ಹೋಗಿ ನಡೆದು ಬರುತ್ತಿದ್ದಳು. ಡಬ್ಬಿ ಹಗುರಾಗಿದ್ದರೆ ಮಗಳು ಗಂಡನ ಮನೆಯಲ್ಲೇ ಇದ್ದಂತೆ ಎಂದು ಅವಳೂ ನಂಬಿಬಿಟ್ಟಿದ್ದಳೋ ಏನೋ... ಆ ಗಿರಣಿಯ ಹಿಟ್ಟು ದಪ್ಪ. ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು. ಒಡೆದ ರೊಟ್ಟಿ ನನ್ನದು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಅವ್ವನಿಗೆ ಜ್ವರ. ತಂಗಿ ಹೊಲಿಗೆ ಕ್ಲಾಸಿಗೆಂದು ಬೆಳಗಾವಿಗೆ ಹೋಗಿದ್ದಳು. ಮನೆಯಲ್ಲಿ ಹಿಟ್ಟಿಲ್ಲ. ಕೂಸು ಹಸಿದು ಅಳುತ್ತಿತ್ತು. ಅವ್ವನ ಬಗಲಲ್ಲಿ ಅದನ್ನು ಮಲಗಿಸಿ, ಸೆರಗು ಹಣೆಯ ತನಕ ಎಳೆದುಕೊಂಡು, ಓಣಿ ಖಾಲಿ ಇದ್ದ ಹೊತ್ತು ನೋಡಿ ನಾನೇ ಡಬ್ಬಿ ಎತ್ತಿಕೊಂಡು ಕಾಕುವಿನ ಗಿರಣಿಗೆ ಹೋದೆ.

ಕಾಕು ನನ್ನನ್ನು ನೋಡಿ ಬೆಚ್ಚಲಿಲ್ಲ. ಡಬ್ಬಿ ಇಸಿದುಕೊಂಡು, “ಬಂದೇನ? ಹೊರಗ ಬರಾಕ ಇಷ್ಟ ದಿನ ಬೇಕಾತೇನ ನಿನಗ?” ಎಂದಳು. ನಾನು ಬಾಯಿ ಬಿಡುವುದರೊಳಗೆ, “ಕೂಸು ಅಳೂದು ಇಡೀ ಓಣಿಗೆ ಕೇಳ್ತೈತಿ, ನಿಮ್ಮವ್ವಗ ಒಬ್ಬಾಕಿಗೆ ಕೇಳೂದಿಲ್ಲ. ಮ್ಯಾಲ ಸೀರಿ ನಿರಿಗಿಗೆ ಪರರ ಗಿರಣಿ ದಪ್ಪ ಹಿಟ್ಟು ಹಚಗೊಂಡು ನನ್ನ ಮುಂದನ ತಿರಗ್ಯಾಡ್ತಾಳ. ನಾ ಏನ ಕುಡ್ಡೀನ?” ಎಂದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಗೊತ್ತಿಲ್ಲದಂತೆ ನಟಿಸಿ ನಮ್ಮ ಮಾನ ಕಾಯುತ್ತಿದ್ದರು. ಯಾವುದು ಹೆಚ್ಚು ನಾಚಿಕೆಯದು ಎಂದು ನನಗೆ ಇವತ್ತಿಗೂ ಹೇಳಲಾಗದು.

ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ಗಕ್ಕನೆ ನಿಂತು ಓಣಿಯೆಲ್ಲ ಸುಮ್ಮನಾಯಿತು. ಹೊರಗೆ ಇಬ್ಬರು ಗಂಡಸರು ಬಂದು ನಿಂತರು. ಬಿಳಿ ಟೋಪಿಯ ಹಿರಿಯರೊಬ್ಬರು, ಜೊತೆಗೆ ಅವರ ಅಳಿಯ ಇರಬೇಕು. ಪಾರಿಶ್ವಾಡದವರು. ಹೆಣ್ಣಿನ ಮನೆತನ ಹೇಗೆ ಎಂದು ತಿಳಿಯಬೇಕಾದರೆ ನಮ್ಮ ಕಡೆ ಮೊದಲು ಗಿರಣಿಯಲ್ಲಿ ಕೇಳುತ್ತಾರೆ, ಆಮೇಲೆ ಮನೆಗೆ ಬರುತ್ತಾರೆ. ಅವರು ನಮ್ಮ ಮನೆಯ ಹೆಸರು ಹೇಳಿ ತಂಗಿಯ ಬಗ್ಗೆ ಕೇಳತೊಡಗಿದರು. ನಾನು ಚೀಲಗಳ ಹಿಂದೆ ಸರಿದು ಗೋಡೆಗೆ ಅಂಟಿ ನಿಂತೆ.

“ಕುಂದರ್ರಿ” ಎಂದಳು ಕಾಕು. ತಂಗಿಯನ್ನು ಹೊಗಳಿದಳು. ಹೊಲಿಗೆ, ಅಡುಗೆ, ಗುಣ, ಒಂದನ್ನೂ ಬಿಡಲಿಲ್ಲ. ಹಿರಿಯರ ಮುಖ ಅರಳಿತು. “ಹಿರೇಮಗಳನ್ನ ಬೆಳಗಾವಿಗೆ ಕೊಟ್ಟಾರಂತ. ಛಲೋ ಅದಾಳಲ್ರಿ?” ಎಂದರು.

ಹೂಂ ಅಂದರೆ ಮುಗಿಯುತ್ತಿತ್ತು. ಒಂದೇ ಒಂದು ಹೂಂ. ನಾನು ಚೀಲದ ಸಂದಿಯಿಂದ ಅವಳನ್ನೇ ನೋಡುತ್ತಿದ್ದೆ, ಕೈ ಮುಗಿದಿದ್ದೆ. ಕಾಕು ನನ್ನ ಕಡೆ ನೋಡಿದಳು.

“ಕೊಟ್ಟಿದ್ರು. ಗಂಡ ದನಕ್ಕ ಬಡದಂಗ ಬಡೀತಿದ್ದ. ಕೂಸು ಕರಕೊಂಡು ಬಂದಾಳ, ಇಲ್ಲೇ ಅದಾಳ ನೋಡ್ರಿ. ಏ, ಬಾರವಾ ಈಕಡೆ. ಕಳ್ಳರಗತೆ ಯಾಕ ನಿಂತಿ ಅಲ್ಲೆ?”

ನಾನು ಹೊರಗೆ ಬಂದೆ. ಮೈಯೆಲ್ಲ ಹಿಟ್ಟು. ಹಿರಿಯರು ತಲೆ ತಗ್ಗಿಸಿದರು. “ತಪ್ಪಿಸ್ಕೊಂಡು ಬಂದ ಮಗಳಿಗೆ ಬಾಗಲಾ ತೆರದ ಮನಿ ಐತ್ರಿ ಅದು. ಅಂಥ ಮನಿ ಹುಡುಗಿ ಬ್ಯಾಡ ಅಂದ್ರ ನಿಮ್ಮ ಹಣೇಬರಾ” ಎಂದಳು ಕಾಕು. ಅವಳು ತರಿಸಿದ್ದ ಚಹಾ ಹಾಗೇ ಬಿಟ್ಟು ಅವರು ಎದ್ದರು. ಆ ಸಂಬಂಧ ಅಲ್ಲಿಗೇ ಹರಿಯಿತು.

ಸಂಜೆ ಮನೆಗೆ ಬಂದ ತಂಗಿ ವಿಷಯ ಕೇಳಿ ಗೋಡೆಯ ಕಡೆ ಮುಖ ಮಾಡಿ ಅತ್ತಳು. “ಅಕ್ಕಾ, ಒಂದೀಟು ಒಳಗ ಕುಂದರಾಕ ಆಗ್ಲಿಲ್ಲೇನ ನಿನಗ?” ಎಂದಳು. ಅವ್ವ ಜ್ವರದಲ್ಲೇ ಎದ್ದು ಹೋಗಿ ಗಿರಣಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಳು. ಅಷ್ಟನ್ನೂ ಕೇಳಿಸಿಕೊಂಡು ಕಾಕು ಒಂದೇ ಮಾತು ಕೇಳಿದಳಂತೆ, “ನಿನ್ನ ಮಗಳೇನ ಕಳುವಿನ ಮಾಲೇನ, ಮುಚ್ಚಿಡಾಕ?”

ಅವ್ವ ತಿಂಗಳುಗಟ್ಟಲೆ ಅವಳ ಜೊತೆ ಮಾತು ಬಿಟ್ಟಳು. ಆದರೆ ಅಂದಿನಿಂದ ಓಣಿಯಲ್ಲಿ ಮುಚ್ಚಿಡುವುದು ಏನೂ ಉಳಿಯಲಿಲ್ಲ. ಒಂದು ವಾರ ಜನ ನನ್ನನ್ನು ಕಣ್ಣು ತುಂಬ ನೋಡಿದರು, ಹಿಂದೆ ಮುಂದೆ ಮಾತಾಡಿದರು. ಆಮೇಲೆ ಅವರಿಗೇ ಬೇಸರವಾಯಿತು. ಬಾಜೂಮನೆಯವರು ಬೆಳಗಾವಿಯ ಒಂದು ಸೊಸೈಟಿಯಲ್ಲಿ ಕೆಲಸ ಇದೆ ಎಂದು ಹೇಳಿ ಕಳಿಸಿದರು. ಮುಂಜಾನೆಯ ಬಸ್ಸಿನಲ್ಲಿ ಯಾರಾದರೂ ಟವೆಲ್ ಹಾಕಿ ನನಗೆ ಸೀಟು ಹಿಡಿಯುತ್ತಿದ್ದರು. ನಾನು ಬರುವವರೆಗೆ ನನ್ನ ಮಗಳು ಕಾಕುವಿನ ಗಿರಣಿಯಲ್ಲಿ ಹಿಟ್ಟಿನ ಬೆಕ್ಕಿನಂತೆ ಆಡುತ್ತಿದ್ದಳು. ಮುಂದಿನ ವರ್ಷ ಕಣಕುಂಬಿಯ ಕಡೆಯ ಹುಡುಗನೊಬ್ಬ ಎಲ್ಲ ತಿಳಿದೇ ತಂಗಿಯನ್ನು ಮಾಡಿಕೊಂಡ. ಮದುವೆಯ ಅಡುಗೆಗೆ ಹಿಟ್ಟು ಬೇಕಾದಾಗ ಅವ್ವ ದೊಡ್ಡ ಡಬ್ಬಿ ಹೊರಿಸಿಕೊಂಡು ತಲೆ ತಗ್ಗಿಸಿ ಕಾಕುವಿನ ಮುಂದೆ ಹೋಗಿ ನಿಂತಳು. ಕಾಕು ಡಬ್ಬಿ ಎತ್ತಿ ಭಾರ ನೋಡಿ, “ಈಗ ನೋಡ, ಖರೇ ವಜ್ಜಿ ಆತು” ಎಂದಳಷ್ಟೇ.

ನಂತರ ಅವ್ವ ಹೋದಳು. ನಾನು ಮಗಳನ್ನು ಕರೆದುಕೊಂಡು ಬೆಳಗಾವಿಗೆ ಬಂದು, ಕ್ಯಾಂಪ್ ಪ್ರದೇಶದ ಹತ್ತಿರ ಬಾಡಿಗೆ ಮನೆ ಹಿಡಿದೆ. ಊರ ಬಾಯಿಯಿಂದ ದೂರ ಬಂದೆ ಎಂದು ನೆಮ್ಮದಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಕಾಕು ತೀರಿಕೊಂಡ ಸುದ್ದಿ ತಂಗಿ ಫೋನಿನಲ್ಲಿ ಹೇಳಿದಳು. ಮಣ್ಣಿಗೆ ಹೋಗಲು ಆಗಲಿಲ್ಲ. ಗಿರಣಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ...

ಇನ್ನು ನನ್ನ ನಾಚಿಕೆಯ ಮಾತು. ಹುಬ್ಬಳ್ಳಿಗೆ ಕೊಟ್ಟಿದ್ದ ನನ್ನ ಮಗಳು ಈ ವರ್ಷ ಪಂಚಮಿಗೆ ಬಂದಳು. ದಸರೆ ಹತ್ತಿರ ಬಂದರೂ ಹೋಗಿಲ್ಲ. “ಅವ್ವಾ, ನಾ ಇನ್ನ ಹೋಗಂಗಿಲ್ಲ” ಎಂದಳು. “ಇರವಾ, ಮನಿ ನಿಂದೇ ಐತಿ” ಎಂದೆ. ಎಷ್ಟು ದೊಡ್ಡ ಮನಸ್ಸಿನ ತಾಯಿ ನಾನು ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಆಮೇಲೆ ಮೇಲಿನ ಮನೆಯವರು, “ಮಗಳು ಇನ್ನೂ ಇಲ್ಲೇ ಅದಾಳೇನ್ರಿ?” ಎಂದು ಸಹಜವಾಗಿ ಕೇಳಿದರು. ನನ್ನ ಬಾಯಿಂದ ಬಂದದ್ದು, “ಅವರ ಮನಿಗೆ ಬಣ್ಣ ಹಚ್ಚಾಕ ಹತ್ಯಾರ್ರೀ.”

ಕಳೆದ ವಾರ ಜೋಳ ಹಸನು ಮಾಡಿದೆ. ಒಂದು ಡಬ್ಬಿ ಎಂದಿನ ಗಿರಣಿಗೆ. ಉಳಿದದ್ದನ್ನು ಸಣ್ಣ ಡಬ್ಬಿಗೆ ತುಂಬಿ, ಕೈಚೀಲದಲ್ಲಿ ಹಾಕಿಕೊಂಡು ಎರಡು ಓಣಿ ದಾಟಿ ಇನ್ನೊಂದು ಗಿರಣಿಗೆ ಹೋದೆ. ಯಾರ ಭಯಕ್ಕೆ? ಇಲ್ಲಿ ಯಾವ ಗಿರಣಿಯವನೂ ನನ್ನ ಮುಖ ಸಹ ನೋಡುವುದಿಲ್ಲ. ಆದರೂ ಹೋದೆ. ಮನೆಗೆ ಬಂದು ಆ ಡಬ್ಬಿಯ ಮುಚ್ಚಳ ತೆಗೆದಾಗಲೇ ಕಾಕು ಬಂದು ನಿಂತದ್ದು.

ರೊಟ್ಟಿ ಬಡಿಯುತ್ತ ಕೂತಿದ್ದ ಮಗಳು ಕೇಳಿದಳು, “ಅವ್ವಾ, ಹಿಟ್ಟು ಯಾಕ ಎರಡ ನಮೂನಿ ಐತಿ? ಇದು ದಪ್ಪ ಆಗೇತಿ, ರೊಟ್ಟಿ ಒಡ್ಯಾಕ ಹತ್ಯಾವ.”

ಒಡೆದ ರೊಟ್ಟಿಯನ್ನು ಅವಳು ತನ್ನ ತಾಟಿಗೇ ಹಾಕಿಕೊಂಡಳು. ಅವ್ವ ಬಡವಿ, ಅಂಜುಬುರುಕಿ, ಅವಳ ಮುಂದೆ ಇನ್ನೊಬ್ಬ ಮಗಳ ಮದುವೆ ಇತ್ತು. ನನಗೇನಿತ್ತು? ಕಳುವಿನ ಮಾಲಾಗಿ ಬದುಕುವುದು ಹೇಗಿರುತ್ತದೆ ಎಂದು ಗೊತ್ತಿದ್ದೂ ನನ್ನ ಕೂಸನ್ನು ಮುಚ್ಚಿಟ್ಟೆನಲ್ಲ.

ನಿನ್ನೆ ಜೋಳವನ್ನೆಲ್ಲ ಒಂದೇ ದೊಡ್ಡ ಡಬ್ಬಿಗೆ ಸುರಿದೆ. “ನಡಿ, ಒಂದ ಕಡೆ ನೀ ಹಿಡಿ” ಎಂದು ಮಗಳನ್ನು ಕರೆದುಕೊಂಡು ಹಗಲಿನಲ್ಲೇ, ಮೇಲಿನ ಮನೆಯವರ ಎದುರಿಗೇ ಇಬ್ಬರೂ ಹೊತ್ತುಕೊಂಡು ಗಿರಣಿಗೆ ಹೋದೆವು. ಗಿರಣಿಯವನು ಡಬ್ಬಿ ಎಳೆದುಕೊಂಡು ಕಾಲಿನಿಂದ ಪಾಳಿಗೆ ತಳ್ಳಿದ. ಯಾರಾದರೂ ಕೇಳಲಿ ಎಂದು ಕಾದೆ. ಕೇಳಲಿಲ್ಲ. ನಾನೇ ಹೇಳಿದೆ, ಬೆಲ್ಟಿನ ಸಪ್ಪಳದ ಮೇಲೆ ಕೂಗಿ ಹೇಳಿದೆ.

“ಮಗಳು ಬಂದಾಳ್ರೀ! ಇನ್ನ ಇಲ್ಲೇ ಇರ್ತಾಳ!”

“ಹಾಂ?” ಎಂದ ಅವನು ತಲೆ ಎತ್ತದೆ. “ಸಣ್ಣ ಬೀಸಲ್ರೀ, ದಪ್ಪ ಬೀಸಲ್ರೀ?”