ಚಂದ್ರಕಾಳಿ ಕಾರು

ಆ ಕಾರಿನ ಬಣ್ಣ ಕೆರೆದು ತೆಗೆದವರು ನಾವಿಬ್ಬರು, ನಾನು ಮತ್ತು ನನ್ನ ಅಕ್ಕ. ಕೆರೆಯುವಾಗ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅಕ್ಕ ಅರವತ್ತರ ದಶಕದಲ್ಲಿ ಧಾರವಾಡದಿಂದ ಅಮೆರಿಕದ ಬರ್ಕ್ಲಿಗೆ ಸಸ್ಯಶಾಸ್ತ್ರ ಓದಲು ಹೋದವಳು. ಯುದ್ಧ ಬೇಡವೆಂದು ಹುಡುಗರು ಬೀದಿಗಿಳಿದಿದ್ದ ಕಾಲ ಅದು. ಉದ್ದಗೂದಲು ಬಿಟ್ಟು, ಬರಿಗಾಲಲ್ಲಿ ತಿರುಗುತ್ತ, ಒಂದೇ ಮನೆಯಲ್ಲಿ ಹತ್ತಾರು ಜನ ಬೇಯಿಸಿಕೊಂಡು ತಿನ್ನುತ್ತಿದ್ದರು. ಅಂಥದೊಂದು ಮನೆಯಲ್ಲಿ ಅಕ್ಕನಿಗೆ ಒಬ್ಬ ಗೆಳೆಯನಾದ. ಆಸ್ತಿಯೆಂದರೆ ಪಾಪ ಎಂದು ಭಾಷಣ ಮಾಡುತ್ತಿದ್ದ ಆ ಮನುಷ್ಯನ ಬಳಿ ಅವನಪ್ಪ ಕೊಡಿಸಿದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಮಡಚುವ ಮಾಡು, ಉದ್ದನೆಯ ಮೂತಿ. ಶ್ರೀಮಂತರ ಆ ಆಟಿಕೆಯನ್ನು ಎಲ್ಲರದನ್ನಾಗಿ ಮಾಡಬೇಕು, ಬಣ್ಣ ಹಚ್ಚು ಎಂದು ಅಕ್ಕನಿಗೆ ಹೇಳಿದ.

ಅಕ್ಕ ಮೊದಲು ಇಡೀ ಕಾರಿಗೆ ಕಪ್ಪು ಬಳಿದಳು, ನಮ್ಮವ್ವನ ಚಂದ್ರಕಾಳಿ ಸೀರೆಯ ಹಾಗೆ. ಅದರ ಮೇಲೆ ಒಂದು ಬೇಸಿಗೆಯುದ್ದಕ್ಕೂ ಕೂತು, ಅವ್ವ ಕಲಿಸಿದ್ದ ಕಸೂತಿಯನ್ನು ಸೂಜಿಯ ಬದಲು ಕುಂಚದಲ್ಲಿ ತೆಗೆದಳು. ಬಾಗಿಲ ಮೇಲೆ ಆನೆ, ಬಾನೆಟ್ಟಿನ ತುಂಬ ಗೋಪುರ, ಚಕ್ರದ ಸುತ್ತ ನವಿಲು, ಹಿಂದೆ ತುಳಸಿಕಟ್ಟೆ. ಎಳೆ ಎಣಿಸಿ ಹೊಲಿದ ಹಾಗೆ ಒಂದೊಂದು ಗೆರೆ. ಆ ಕಾರು ಊರಲ್ಲಿ ಹೊರಟರೆ ಜನ ಹಿಂದೆ ಓಡುತ್ತಿದ್ದರಂತೆ.

ಅಮೆರಿಕದ ಪತ್ರಿಕೆಯೊಂದರಲ್ಲಿ ಅದರ ಫೋಟೋ ಬಂತು. ಬಾನೆಟ್ಟಿನ ಮೇಲೆ ಕೂದಲು ಬಿಚ್ಚಿಕೊಂಡು ಕೂತ ಅಕ್ಕ, ಪಕ್ಕದಲ್ಲಿ ಅಂಗಿಯಿಲ್ಲದ ಅವನು. ಯಾರೋ ಪುಣ್ಯಾತ್ಮರು ಅದನ್ನು ತಂದು ಅಪ್ಪನ ಕೈಗೆ ಕೊಟ್ಟರು. "ಇವತ್ತಿಂದ ನನಗ ಒಬ್ಬಾಕೀನ ಮಗಳು" ಎಂದು ಅಪ್ಪ ನನ್ನ ಕಡೆ ಬೆರಳು ತೋರಿಸಿದರು. ಅಕ್ಕನ ಹೆಸರು ಎತ್ತುವಂತಿಲ್ಲ ಎಂದರು. ಅವ್ವ ಎತ್ತಲಿಲ್ಲ. ಕೊನೆಯ ಕಾಯಿಲೆಯಲ್ಲಿ ಜ್ವರ ಏರಿದಾಗ ಮಾತ್ರ ಕೂಗಿದಳು. ಅಷ್ಟರೊಳಗೆ ಅವನು ಅಕ್ಕನನ್ನು ಬಿಟ್ಟು, ಕಾರು ತೆಗೆದುಕೊಂಡು, ಯಾವಾಗಲೋ ಹೋಗಿಯಾಗಿತ್ತು.

ಎಂಬತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಬರ್ಕ್ಲಿಗೆ ಹತ್ತಿರದ ಫ್ರೀಮಾಂಟಿಗೆ ಬಂದೆ. ಗಂಡ ಬೆಂಗಳೂರಿನವರು, ಸ್ಯಾನ್ ಹೊಸೆಯಲ್ಲಿ ಎಂಜಿನಿಯರು. ಬಂದವಳೇ ಅಕ್ಕನನ್ನು ಹುಡುಕಿದೆ. ಬರ್ಕ್ಲಿಯ ಒಂದು ನರ್ಸರಿಯಲ್ಲಿ ಗಿಡ ಮಾರುತ್ತ, ಒಬ್ಬಳೇ ಇದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಕಾರಿನ ವಿಷಯ ನಾನಾಗಿಯೇ ಕೇಳುವವರೆಗೆ ಹೇಳಲಿಲ್ಲ.

ಒಂದು ಭಾನುವಾರ ಗಂಡನೊಡನೆ ಸ್ಯಾನ್ ಹೊಸೆಯ ಪಾರ್ಕಿನಲ್ಲಿ ಹಳೇ ಕಾರುಗಳ ಪ್ರದರ್ಶನ ನೋಡಲು ಹೋಗಿದ್ದೆ. ಜನ ಮುತ್ತಿಕೊಂಡಿದ್ದ ಒಂದು ಕಾರಿನ ಹತ್ತಿರ ಹೋದರೆ, ನಮ್ಮವ್ವನ ಆನೆ! ಬಿಸಿಲಿಗೆ ಬಣ್ಣ ಹಪ್ಪಳವೆದ್ದಿತ್ತು, ಆದರೆ ಸೊಂಡಿಲ ತಿರುವು ಅವ್ವನದೇ. ಪಕ್ಕದಲ್ಲಿ ಕೂದಲು ಕತ್ತರಿಸಿಕೊಂಡು, ಒಳ್ಳೆಯ ಸೂಟು ತೊಟ್ಟ ಅದೇ ಫೋಟೋದವನು ಕಥೆ ಹೇಳುತ್ತಿದ್ದ. ನೇಪಾಳದ ಬೆಟ್ಟದಲ್ಲಿ ಧ್ಯಾನಕ್ಕೆ ಕೂತಾಗ ಈ ಆಕಾರಗಳು ಕಣ್ಣಿಗೆ ಕಂಡವಂತೆ, ಮರಳಿ ಬಂದು ತಾನೇ ಬರೆದನಂತೆ. ಈಗ ಮನೆ-ಜಮೀನು ಮಾರಿಸುವ ದಂಧೆಯವನು ಎಂದು ಪಕ್ಕದವರು ಹೇಳಿದರು. ನನ್ನ ಮೈಯೆಲ್ಲ ಉರಿಯಿತು. ಗಂಡ ಮೊಣಕೈ ಹಿಡಿದು ಎಳೆದುಕೊಂಡು ಬಂದರು.

ಅಕ್ಕನಿಗೆ ಹೇಳಿದರೆ ಅವಳು ಗಿಡದ ಬುಡಕ್ಕೆ ಮಣ್ಣು ಒತ್ತುತ್ತಲೇ ಇದ್ದಳು. "ಇನ್ನೂ ಇಟ್ಟಾನಂತಾತು" ಎಂದಳು, ಅಷ್ಟೇ.

ಸ್ವಲ್ಪ ಕಾಲದ ಮೇಲೆ ಅವನೇ ನರ್ಸರಿಗೆ ಬಂದ. ನಾನೂ ಅಲ್ಲಿದ್ದೆ. ಅರವತ್ತರ ದಶಕದ ಬಗ್ಗೆ ಒಂದು ಮ್ಯೂಸಿಯಮ್ಮಿನಲ್ಲಿ ಪ್ರದರ್ಶನವಂತೆ, ಅವನ ಕಾರನ್ನು ನಡುವೆ ನಿಲ್ಲಿಸುತ್ತಾರಂತೆ. ಎದ್ದ ಬಣ್ಣ ಸರಿಮಾಡಲು ಯಾವ ಪೇಂಟರಿಗೂ ಆಗುತ್ತಿಲ್ಲ. "ನಿನ್ನ ಕೈ ಚೆನ್ನಾಗಿತ್ತು" ಎಂದ, ನಿನ್ನೆ ಮೊನ್ನೆ ಭೇಟಿಯಾದವನ ಹಾಗೆ.

ಅಕ್ಕ ಒಪ್ಪಿದಳು. ನಿಜವಾಗಿಯೂ ಸರಿಮಾಡಿ ಕೊಡಬೇಕೆಂದೇ ಅವಳ ಮನಸ್ಸಿನಲ್ಲಿತ್ತು, ನನಗೆ ಗೊತ್ತು. ಒಂದೇ ಮಾತು ಕೇಳಿದಳು: "ಕಾರಿನ ಪಕ್ಕದ ಬೋರ್ಡಿನಲ್ಲಿ ನನ್ನ ಹೆಸರು ಹಾಕಿಸು."

ಅವನು ನಕ್ಕು ಅವಳ ಹೆಗಲು ತಟ್ಟಿದ. "ಜನರಿಗೆ ಒಂದು ಕಥೆ ಗೊತ್ತಿದೆ, ಈಗ ಯಾಕೆ ಗೊಂದಲ? ಯಾರು ಬರೆದರೇನು? ಆ ಕಾಲವೇ ಬರೆದದ್ದು ಅದು."

ಅಕ್ಕ ಕೈಗಂಟಿದ ಮಣ್ಣು ಒರೆಸಿಕೊಂಡಳು. ಆಮೇಲೆ ಅವಳೂ ನಕ್ಕಳು. "ಹೌದು, ಹೌದು. ಕೀಲಿ ಕೊಡು. ಮುಗಿಯುವವರೆಗೆ ನೋಡಲು ಬರಬೇಡ" ಎಂದಳು.

ಅಕ್ಕನಿಗೆ ಗ್ಯಾರೇಜಿರಲಿಲ್ಲ, ಕಾರು ನಮ್ಮ ಮನೆಗೆ ಬಂತು. ಅವಳು ತಂದ ಡಬ್ಬಿಗಳಲ್ಲಿ ಬಣ್ಣವಿರಲಿಲ್ಲ, ಬಣ್ಣ ಕರಗಿಸುವ ದ್ರಾವಣವಿತ್ತು. ಜೊತೆಗೆ ಕೆರೆಯುವ ಪಟ್ಟಿ, ಉಪ್ಪುಕಾಗದ. ನನ್ನ ಗಂಡ ಬೆವತುಹೋದರು.

"ಏನೇ ಇದು? ಅವನು ಲಾಯರ್ ಇಟ್ರೆ? ನಮ್ ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ ಕಣೆ!"

"ನೀವು ಆಫೀಸಿಗೆ ಹೋಗ್ರಿ" ಎಂದೆ. "ಯಾರರೆ ಕೇಳಿದರ ನಿಮಗೇನೂ ಗೊತ್ತಿಲ್ಲ."

ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ಹಗಲು ಬೆಳಕಿನಲ್ಲೇ ಶುರುಮಾಡಿದೆವು. ದ್ರಾವಣ ಬಳಿದರೆ ನವಿಲುಗಳು ಸುಕ್ಕುಗಟ್ಟಿ ಎದ್ದು ಬರುತ್ತಿದ್ದವು. ಕಣ್ಣುರಿ, ಗಂಟಲುರಿ. ಅಳಿಸುವ ಮೊದಲು ಒಂದು ಫೋಟೋ ತೆಗೆಯೋಣವೆಂದು ನಾನು ಕ್ಯಾಮೆರಾ ತಂದೆ.

"ಬ್ಯಾಡ ತಂಗಿ," ಎಂದಳು ಅಕ್ಕ. "ಒಂದು ಫೋಟೋದಿಂದ ಆಗಿದ್ದು ಸಾಕಾಗೇದ."

ಆನೆಯ ಬಾಗಿಲು ನನಗೆ ಬಿಟ್ಟಳು. ಅವ್ವನ ಆನೆ ಅದು. ಆದರೂ ಪಟ್ಟಿ ಒತ್ತಿದೆ. ಅವನು ತಾನು ಕಂಡೆನೆಂದು ಹೇಳಿಕೊಂಡ ಆನೆಯನ್ನು ಅವನ ಕಾರಿನ ಮೇಲೆ ಬಿಡುವುದಕ್ಕಿಂತ ನೆಲದ ಮೇಲೆ ಸಿಪ್ಪೆಯಾಗಿ ಬೀಳಲಿ ಎನಿಸಿತು. ಜ್ವರದಲ್ಲಿ ಅವ್ವ ಕೂಗಿದ್ದು ಕಿವಿಯಲ್ಲಿತ್ತು. ಅಪ್ಪನನ್ನೂ ಸೇರಿಸಿ ಕೆರೆದೆ.

ಬರೀ ತಗಡು ಉಳಿದ ಮೇಲೆ ಅಕ್ಕ ಬೂದು ಬಣ್ಣದ ಪ್ರೈಮರ್ ಹೊಡೆದಳು. ಯಾಕೆಂದು ಕೇಳಿದೆ.

"ತುಕ್ಕು ಹಿಡಿಯಬಾರದಲ್ಲ. ಕಾರಿಂದೇನು ತಪ್ಪು ಅದ?"

ಅವನು ಬಂದದ್ದು ಒಬ್ಬನೇ ಅಲ್ಲ, ಮ್ಯೂಸಿಯಮ್ಮಿನ ಹೆಂಗಸನ್ನೂ ಕರೆತಂದಿದ್ದ. ದಾರಿಯುದ್ದಕ್ಕೂ ನೇಪಾಳದ ಕಥೆ ಹೇಳಿರಬೇಕು, ಆಕೆಯ ಮುಖದಲ್ಲಿ ಭಕ್ತಿಯಿತ್ತು. ಅಕ್ಕ ಮೇಲೆ ಹೊದಿಸಿದ್ದ ಬಟ್ಟೆ ಎಳೆದಳು. ಬೋಳು ಬೂದು ಕಾರು.

ಅವನು ಕಿರುಚಿದ. "ಏನು ಮಾಡಿದೆ? ಎಲ್ಲಿ ಹೋಯಿತು ಅದೆಲ್ಲ?"

ಅಕ್ಕ ಒಂದು ಹೊಸ ಕುಂಚವನ್ನು ಅವನ ಕೈಗೆ ಕೊಟ್ಟಳು. "ಹಳೆಯದು ಹಾಳಾಗಿತ್ತು, ತೆಗೆದೆ. ಬರೆದವನು ನೀನೇ ತಾನೆ? ಮತ್ತೆ ಬರಿ."

"ಬರೆಯಬಹುದಲ್ಲವೇ?" ಎಂದಳು ಆ ಹೆಂಗಸು, ಪಾಪ, ನಿಜಕ್ಕೂ ನಂಬಿ. "ನಮಗೆ ಇನ್ನೂ ಸಮಯವಿದೆ."

ಅವನು ಕುಂಚ ಹಿಡಿದುಕೊಂಡೇ ನಿಂತಿದ್ದ. ಕತ್ತು ಕೆಂಪಾಯಿತು. ಆ ಹೆಂಗಸು ಒಮ್ಮೆ ಅವನನ್ನು, ಒಮ್ಮೆ ಅಕ್ಕನ ಬಣ್ಣ ಮೆತ್ತಿದ ಉಗುರುಗಳನ್ನು ನೋಡಿದಳು. ಆಕೆಗೆ ತಿಳಿಯಿತು. ಅದು ತಿಳಿದದ್ದು ಅವನಿಗೂ ತಿಳಿಯಿತು. ಅದನ್ನು ನೋಡಲೆಂದೇ ನಾನು ಅಡುಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದೆ.

ಲಾಯರು ಯಾರೂ ಬರಲಿಲ್ಲ. ಹೇಗೆ ಬಂದಾರು? ದಾವೆ ಹಾಕಿ, ಸರಿಮಾಡಲು ಇವಳಿಗೇ ಯಾಕೆ ಕೊಟ್ಟೆ ಎಂದು ಕೋರ್ಟು ಕೇಳಿದರೆ, ಅದನ್ನು ಬರೆದವಳು ಇವಳು ಎಂದು ಅವನೇ ಹೇಳಬೇಕಾಗುತ್ತಿತ್ತು. ಆ ಹೆಂಗಸು ಅಕ್ಕನಿಗೆ ಫೋನು ಮಾಡಿ, ಇನ್ನೊಂದು ಕಾರು ಕೊಡಿಸುತ್ತೇವೆ, ನಿಮ್ಮ ಹೆಸರಲ್ಲೇ ಬರೆದುಕೊಡಿ ಎಂದು ಕೇಳಿದಳು. ಆಗುವುದಿಲ್ಲ ಎಂದಳು ಅಕ್ಕ. ನಾನು ಜಗಳವಾಡಿದೆ. "ಅವ್ವ ಇಲ್ಲದ ಮ್ಯಾಲ ಯಾರಿಗೆ ತೋರಸಲಿ?" ಎಂದಳು.

ನನ್ನ ಗಂಡ ಇಂದಿಗೂ, ಒಂದು ಒಳ್ಳೇ ವಸ್ತು ಹಾಳಾಯ್ತಲ್ಲ, ನಿಂಗೆ ಬೇಜಾರಿಲ್ವ ಎಂದು ಕೇಳುವುದುಂಟು. ಇಲ್ಲ.

ಮರುವರ್ಷ ಓಕ್ಲೆಂಡಿಗೆ ಹೋಗುವ ಫ್ರೀವೇಯಲ್ಲಿ ಅವನು ನನ್ನ ಪಕ್ಕದ ಲೇನಿನಲ್ಲೇ ಸಿಕ್ಕಿದ. ಅದೇ ಕಾರು, ಬೂದು ಬಣ್ಣ, ಮಾಡು ಮುಚ್ಚಿತ್ತು. ಯಾವ ಕಾರಿನಿಂದಲೂ ಒಂದು ತಲೆಯೂ ಅವನ ಕಡೆ ತಿರುಗಲಿಲ್ಲ. ನಾನು ಹಾರ್ನು ಒತ್ತಿ ಕೈಬೀಸಿದೆ. ಮನೆಗೆ ಬಂದವಳೇ ಅಕ್ಕನಿಗೆ ಫೋನು ಮಾಡಿ ಹೇಳಿದೆ.

ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಕೇಳಿದಳು, "ಮುಖ ಹ್ಯಾಂಗಿತ್ತು? ಸಾವಕಾಶ ಹೇಳು."