ಅಂಪೈರ್ ಬಗ್ಗಿ ನೋಡಿದ್ದು

೧೯೯೧ರಲ್ಲಿ ಓದು ಬಿಟ್ಟೆ. ಒಂಬತ್ತನೇ ಕ್ಲಾಸು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಯ್ಯೋ ಪಾಪ ಅನ್ನಬಾರದು. ಸುಗಟೂರಿನಿಂದ ಬೆಳಗಿನ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಸೋದರಮಾವನ ಕೈಕೆಳಗೆ ಗಾರೆ ಕೆಲಸಕ್ಕೆ ನಿಂತೆ. ಮೂರು ವರ್ಷಕ್ಕೆ ಕರಣೆ ನನ್ನ ಮಾತು ಕೇಳುತ್ತಿತ್ತು. ಇವತ್ತಿಗೂ ನಾನು ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ನೋಡಿ, ಒಂದು ನೂಲು ಆಚೀಚೆ ಆಗಿದ್ದರೆ ಹೇಳಿ.

ತಾರಸಿಯ ಮೇಲೆ ಕೆಲಸ ಮಾಡುವವನಿಗೆ ಊರು ಬೇರೆಯಾಗಿ ಕಾಣುತ್ತದೆ. ಕೋಲಾರದಲ್ಲಿ ಮೊದಲ ಬೇಸಿಗೆಯಲ್ಲೇ ನೋಡಿದೆ: ಅಲ್ಲೊಂದು ತಾರಸಿ, ಇಲ್ಲೊಂದು ತಾರಸಿ, ಒಂದೊಂದರ ಮೇಲೂ ಒಬ್ಬೊಬ್ಬ ಕತ್ತು ಮೇಲೆತ್ತಿ ನಿಂತಿದ್ದಾನೆ. ವಿಮಾನ ಬರುತ್ತೇನೋ ಅಂದುಕೊಂಡೆ. ಪಾರಿವಾಳ! ಬೆಳಿಗ್ಗೆ ಆರಕ್ಕೆ ಬಿಟ್ಟ ಹಕ್ಕಿ ಸಾಯಂಕಾಲದವರೆಗೂ ಕೂರದೆ ಹಾರಬೇಕು. ಎಳ್ಳುಕಾಳಿನಷ್ಟಾಗುವವರೆಗೆ ಮೇಲೇರಬೇಕು, ಕತ್ತಲಾಗುವ ಮುಂಚೆ ತನ್ನ ತಾರಸಿಗೇ ಬಂದು ಇಳಿಯಬೇಕು. ಅದೇ ಪಂದ್ಯ, ಅದೇ ಹುಚ್ಚು.

ಆ ಜನರಲ್ಲಿ ಟೈಲರ್ ಇದ್ದ, ಆಫೀಸಿನ ಗುಮಾಸ್ತನಿದ್ದ, ಹೂ ಮಾರುವವನಿದ್ದ. ಕೆಳಗೆ ಬೀದಿಯಲ್ಲಿ ಎದುರಾದರೆ ಒಬ್ಬರಿಗೊಬ್ಬರು ಮುಖ ಎತ್ತಿ ನೋಡದ ಜನ, ಮೆಟ್ಟಿಲು ಹತ್ತಿ ಮೇಲೆ ಬಂದರೆ ಒಂದೇ ತಟ್ಟೆಯಲ್ಲಿ ಕೈ ಹಾಕುತ್ತಿದ್ದರು. ಯಾವ ಜನ, ಎಷ್ಟು ಓದಿದ್ದೀಯ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ: “ನಿನ್ನ ಹಕ್ಕಿ ಎಷ್ಟು ಗಂಟೆ ಹಾರುತ್ತೆ?” ಕೆಳಗಿನ ಊರಿಗೆ ಮಾತ್ರ ನಾವು ಪೋಲಿಗಳು. ಪಾರಿವಾಳ ಸಾಕುವವನಿಗೆ ಹೆಣ್ಣು ಕೊಡಬೇಡಿ ಅನ್ನುತ್ತಿದ್ದರು. ಅನ್ನಲಿ ಬಿಡು, ನಮಗೆ ನಮ್ಮದೇ ಊರಿತ್ತು, ಅವರ ತಲೆಯ ಮೇಲೆ.

ನನಗೆ ಮೊದಲ ಜೋಡಿ ಕೊಟ್ಟವರು ಮುಳಬಾಗಿಲಿನ ಒಬ್ಬ ಸಾಹೇಬರು. ತಗಡಿನ ಟ್ರಂಕು ಮಾಡುವ ಕೆಲಸ. ಎಲ್ಲರ ಬಾಯಲ್ಲೂ ಉಸ್ತಾದ್. ಹಕ್ಕಿಗೆ ಪ್ರತಿಯಾಗಿ ಏನೂ ಮುಟ್ಟಲಿಲ್ಲ. “ಹಕ್ಕಿ ವಿಷ್ಯದಲ್ಲಿ ಸುಳ್ಳು ಹೇಳ್ಬೇಡ, ಅಷ್ಟೇ. ಮನೇಲಿ ಎಷ್ಟು ಬೇಕಾದ್ರೂ ಹೇಳ್ಕೋ ಹೋಗು” ಅಂದರು.

ಪಂದ್ಯದ ದಿನ ನಮ್ಮ ಪದ್ಧತಿ ಹೀಗೆ: ಈ ಕಡೆಯವನು ಆ ಕಡೆಯವರ ತಾರಸಿಗೆ ಅಂಪೈರ್ ಆಗಿ ಹೋಗಬೇಕು. ಇಡೀ ದಿನ ಅಲ್ಲೇ ಕೂರಬೇಕು, ಅವರೇ ಅವನಿಗೆ ಊಟ ಹಾಕಬೇಕು. ಹಕ್ಕಿ ಅರ್ಧ ಗಂಟೆ ಅಂಪೈರ್ ಕಣ್ಣಿಗೆ ಬೀಳದಿದ್ದರೆ ಔಟು. ಅವನು ಚೀಟಿಯಲ್ಲಿ ಬರೆದದ್ದೇ ಕೊನೆ. ಬರೆದ ಮೇಲೆ ಮನೆಯ ಯಜಮಾನ ಒಂದು ಮಾತು ಆಡುವಂತಿಲ್ಲ.

ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಕೋಲಾರದವರಿಗೂ ಮುಳಬಾಗಿಲಿನವರಿಗೂ ಪಂದ್ಯ ಬಿತ್ತು. ನಮ್ಮವರು ನನ್ನನ್ನು ಉಸ್ತಾದ್ ತಾರಸಿಗೆ ಕಳಿಸಿದರು, ನನ್ನ ಕಣ್ಣು ಅಂಥದ್ದು ಎಂದು. ನನಗೂ ಅದೇ ಜಂಬ.

ಉಸ್ತಾದ್ ತಾರಸಿಯ ಮಧ್ಯೆ ಅಗಲ ಬಾಯಿಯ ಒಂದು ಕಪ್ಪು ಮಣ್ಣಿನ ಬಾನಿ ಇತ್ತು, ತುಂಬ ನೀರು. ಅವರು ಆಕಾಶ ನೋಡುತ್ತಿರಲಿಲ್ಲ, ಮಣೆ ಹಾಕಿಕೊಂಡು ಆ ನೀರಿನಲ್ಲಿ ಬಿದ್ದ ಆಕಾಶ ನೋಡುತ್ತಿದ್ದರು. ನನಗೆ ನಗು. ಕಣ್ಣು ಹೋದವರ ಉಪಾಯ ಅಂದುಕೊಂಡೆ.

ಎರಡೂವರೆಗೆ ಅವರ ಹಕ್ಕಿ ಸೂರ್ಯನ ಪಕ್ಕಕ್ಕೆ ಸರಿಯಿತು. ಆಕಾಶವೆಲ್ಲ ಕಾಯ್ದ ತಗಡು. ನೋಡಿದೆ, ನೋಡಿದೆ, ಕಣ್ಣಲ್ಲಿ ನೀರು ಸುರಿಯಿತು, ಹಕ್ಕಿ ಇಲ್ಲ.

“ಇಲ್ಲಿ ನೋಡೋ, ಬಾನೀಲಿ ಐತೆ” ಅಂದರು ಉಸ್ತಾದ್.

“ಆಕಾಶದಲ್ಲಿ ಕಾಣದ್ದು ಬಾನೀಲಿ ಹೆಂಗೆ ಕಾಣುತ್ತೆ ಉಸ್ತಾದ್? ನನ್ನ ಕಣ್ಣು ಚೆನ್ನಾಗೇ ಐತೆ.”

ಅವರು ಮತ್ತೆ ಹೇಳಲಿಲ್ಲ. ಮೂರು ಗಂಟೆಗೆ ‘ಕಾಣಲಿಲ್ಲ, ಔಟು’ ಎಂದು ಬರೆದು ರುಜು ಹಾಕಿದೆ. ಅವರು ನನ್ನ ಊಟಕ್ಕೆ ಹೇಳಲು ಮೆಟ್ಟಿಲ ಕಡೆ ಹೋದರು. ಆಗ ಬಗ್ಗಿ ನೋಡಿದೆ. ಕಪ್ಪು ನೀರಿನಲ್ಲಿ ಸೂರ್ಯನ ಉರಿ ತಗ್ಗಿ, ಅದರ ಅಂಚಿನಲ್ಲಿ ಒಂದು ಎಳ್ಳುಕಾಳು ನಿಧಾನ ಸುತ್ತುತ್ತಿತ್ತು.

ಚೀಟಿ ಕೈಯಲ್ಲೇ ಇತ್ತು, ಪೆನ್ನೂ ಇತ್ತು. ಒಂದು ಗೀಟು ಎಳೆದಿದ್ದರೆ ಆಗುತ್ತಿತ್ತು. ಎಳೆಯಲಿಲ್ಲ. ಬರೆದ ಮೇಲೆ ತಿದ್ದಿದರೆ ನನ್ನ ಕಣ್ಣಿಗಿದ್ದ ಹೆಸರಿನ ಗತಿ ಏನು? ಐದೂವರೆಗೆ ಹಕ್ಕಿ ಕಲ್ಲು ಬಿಟ್ಟ ಹಾಗೆ ನೇರ ಬಂದು ಇಳಿಯಿತು. ಉಸ್ತಾದ್ ಅದಕ್ಕೆ ನೀರು ಕುಡಿಸಿದರು. ನಾವು ಗೆದ್ದೆವು.

ಆಮೇಲೆ ಮುಳಬಾಗಿಲಿಗೆ ಹೋಗಲಾಗಲಿಲ್ಲ. ಕೋಲಾರದ ತಾರಸಿಯಲ್ಲಿ ಕೂತರೂ ಕತ್ತು ಮೇಲೇಳುತ್ತಿರಲಿಲ್ಲ. ನನ್ನ ಹಕ್ಕಿಗಳನ್ನು ಟೈಲರಿಗೆ ಕೊಟ್ಟೆ. ಎರಡು ವರ್ಷದ ಮೇಲೆ ಗೌನಿಪಲ್ಲಿಯಲ್ಲಿ ಹೆಣ್ಣು ನೋಡಲು ಹೋದಾಗ ಅವರಪ್ಪ ಮಾವಿನ ತೋಪಿನಲ್ಲೇ ನಿಲ್ಲಿಸಿ ಕೇಳಿದರು: “ಪಾವುರಾಲು ಪೆಂಚುತಾವಂಟ ಕದಾ?” ಪಾರಿವಾಳ ಸಾಕುತ್ತೀಯಂತಲ್ಲ ಎಂದು. ಬಿಟ್ಟಿದ್ದೀನಿ ಅಂದೆ. ಹೆಣ್ಣು ಕೊಟ್ಟರು. ತನಗೋಸ್ಕರ ಬಿಟ್ಟೆ ಎಂದು ಹೆಂಡತಿ ತಿಳಿದುಕೊಂಡಳು. ನಾನೂ ಅಲ್ಲ ಅನ್ನಲಿಲ್ಲ.

ಆಮೇಲೆ ಬರೀ ದುಡಿಮೆ. ಮಾಲೂರು, ಶ್ರೀನಿವಾಸಪುರ, ವಕ್ಕಲೇರಿ, ಎಲ್ಲೆಲ್ಲೂ ಕಟ್ಟಿದೆ. ಆದರೆ ಪ್ರತಿ ಮನೆಯ ಮೋಲ್ಡು ಹಾಕಿದ ಮಾರನೇ ಬೆಳಿಗ್ಗೆ, ಕಾಂಕ್ರೀಟು ಗಟ್ಟಿಯಾಗಲೆಂದು ಕ್ಯೂರಿಂಗಿಗೆ ನೀರು ಕಟ್ಟಿ ನಿಲ್ಲಿಸಿದಾಗ, ಆ ನೀರಿನಲ್ಲಿ ಆಕಾಶ ಬೀಳುತ್ತಿತ್ತು. ಆಳುಗಳು ಟೀಗೆ ಕೂಗುತ್ತಿದ್ದರೂ ನಾನು ಅಲ್ಲೇ ಕೂತಿರುತ್ತಿದ್ದೆ. ಎಷ್ಟೋ ಜನರ ನಡುವೆ ಬದುಕಿದ್ದೇನೆ: ನೆಂಟರು, ಜಾತಿಯವರು, ಸಂಘದವರು. “ನಮ್ಮೋರು” ಎಂದು ಮನಸ್ಸು ಅಂದದ್ದು ಮಾತ್ರ ಆ ಕತ್ತೆತ್ತಿದ ಜನರನ್ನೇ.

ಹೋದ ವರ್ಷ ಮುಳಬಾಗಿಲಿನಲ್ಲಿ ಒಂದು ಕಾಂಪೌಂಡಿನ ಕೆಲಸ ಸಿಕ್ಕಿತು. ಮೂರು ದಿನ ಉಸ್ತಾದ್ ಬೀದಿ ತಪ್ಪಿಸಿ ಓಡಾಡಿದೆ, ನಾಲ್ಕನೇ ದಿನ ಮೆಟ್ಟಿಲು ಹತ್ತಿದೆ. ಗೂಡು ಖಾಲಿ. ಸುತ್ತ ಮೂರು ಮೂರು ಅಂತಸ್ತು ಎದ್ದು ಆಕಾಶ ಕಿರಿದಾಗಿತ್ತು. ಉಸ್ತಾದ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

“ಕೌನ್?”

“ನಾನು ಉಸ್ತಾದ್, ಸುಗಟೂರೋನು.”

“ಓಹೋ, ಅಂಪೈರ್ ಸಾಹೇಬ್ರು! ಏನ್ಲಾ, ತಲೆಯೆಲ್ಲ ಬೆಳ್ಳಗಾಗೈತೆ?”

“ನಿಮಗೆ ಕಣ್ಣು ಕಾಣಲ್ಲ ಅಂದ್ರು ಕೆಳಗೆ?”

“ಬಿಳೀದು ಕಾಣುತ್ತೆ ಕಣೋ. ಕರೀದು ಕಾಣಲ್ಲ. ನೀನು ಈಗ ಬಂದಿದ್ದೇ ಒಳ್ಳೇದಾಯ್ತು.”

ನಿಂತುಕೊಂಡೇ ಹೇಳಿಬಿಟ್ಟೆ. “ಆವತ್ತು ಬಾನೀಲಿ ಹಕ್ಕಿ ಇತ್ತು ಉಸ್ತಾದ್. ಬರೆದಾದ್ಮೇಲೆ ನಾನು ನೋಡ್ದೆ.”

“ನಾನೂ ನೋಡ್ದೆ.”

“ಹಕ್ಕೀನಾ?”

“ನೀನು ಬಗ್ಗಿದ್ದು.”

“ಮತ್ತೆ ಯಾಕೆ ಸುಮ್ಕಿದ್ರಿ?”

“ಅಂಪೈರ್ ಕಣ್ಣೇ ಕಣ್ಣು ಅನ್ನೋದು ನಮ್ಮೋರ ಮಾತು. ಇಲ್ಲಿಗೆ ಪೊಲೀಸ್ ಬರಲ್ಲ, ಕೋರ್ಟ್ ಬರಲ್ಲ. ಆ ಮಾತೂ ಹೋದ್ರೆ ತಾರಸಿ ಮೇಲೆ ಏನ್ ಉಳಿಯುತ್ತೆ? ಬಟ್ಟೆ ಒಣಗಾಕ್ಬೇಕು ಅಷ್ಟೇ. ತಿದ್ದೋಕೆ ಬರ್ತೀಯ ಅಂತ ಕಾದೆ. ಇಷ್ಟು ವರ್ಷ ಬೇಕಾ ಲೇ, ಒಂದು ಗೀಟು ಎಳೆಯೋಕೆ?”

ಉಸ್ತಾದ್ ಗೋಡೆ ಮೂಲೆಗೆ ಕೈ ತೋರಿಸಿದರು. ಬಾನಿ ಬೋರಲು ಬಿದ್ದಿತ್ತು. “ಹಕ್ಕಿನೆಲ್ಲ ಕೊಟ್ಟುಬಿಟ್ಟೆ. ಅದನ್ನ ಯಾರೂ ಕೇಳ್ಲಿಲ್ಲ. ತಗೊಂಡ್ಹೋಗು. ನಿಮ್ಮೋರಿಗೂ ಹೇಳು, ಆ ಪಂದ್ಯ ನಮ್ದು ಅಂತ.”

ಕೋಲಾರಕ್ಕೆ ಹೋಗಿ ಹೇಳಿದೆ. ಟೈಲರ್ ಅರ್ಧ ದಿನ ಮುಖ ಕೊಡಲಿಲ್ಲ. ಮನೆಯಲ್ಲೂ ಹೇಳಿದೆ. “ಅಲ್ಲಾ, ನನಗೋಸ್ಕರ ಬಿಟ್ರಿ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ನಲ್ಲ ನಾನು!” ಅಂದಳು ಹೆಂಡತಿ. ಮಾರನೇ ದಿನ ಬಾನಿಗೆ ನೀರು ತುಂಬಿದವಳೂ ಅವಳೇ.

ಈಗ ನನಗಿರುವುದು ಇಷ್ಟು: ಸುಗಟೂರಿನಲ್ಲಿ ನನ್ನ ಕೈಯಾರೆ ಕಟ್ಟಿದ ಒಂದು ಮನೆ. ಅದಕ್ಕೆ ಒಂದು ತಾರಸಿ. ಒಂದು ಕರಣೆ, ಒಂದು ಕನ್ನಡಕ. ಒಂದು ಕಪ್ಪು ಬಾನಿ, ಅದರ ತುಂಬ ನೀರು. ಹಕ್ಕಿ ಒಂದೂ ಇಲ್ಲ.