ಸ್ಕ್ಯಾನ್ ಕವರುಗಳ ಕಂಡಕ್ಟರು

ಅವರ ಸೀಟಿ ಹಿತ್ತಾಳೆಯದೋ ಸ್ಟೀಲಿನದೋ ಎಂದು ಈಗ ಖಚಿತವಾಗಿ ಹೇಳಲಾರೆ. ಅದರ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಮಾತಾಡುವಾಗ ಅದು ಬೀಳದೆ ಬಾಯಿಯ ಎಡಮೂಲೆಗೆ ಸರಿಯುತ್ತಿತ್ತು. ಬಲಮೂಲೆಯೂ ಇರಬಹುದು. ವಿಜ್ಞಾನ ಓದಿದವನಿಗೆ ನೆನಪನ್ನು ಸಾಕ್ಷಿಯೆಂದು ಒಪ್ಪುವುದು ಕಷ್ಟ. ಅವರು ನಮಗಾಗಿ ಬಸ್ಸು ನಿಲ್ಲಿಸಿಕೊಂಡು ಕಾದಿದ್ದರು ಎಂಬುದನ್ನೇ ನಾನು ಬಹಳ ಕಾಲ ಪೂರ್ತಿ ನಂಬಿರಲಿಲ್ಲ.

ಬಂಟ್ವಾಳದಿಂದ ಸಿದ್ಧಕಟ್ಟೆಯಾಗಿ ಮೂಡುಬಿದಿರೆಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು ಅವರು. ಎಲ್ಲರೊಡನೆ ತುಳು, ನನ್ನೊಡನೆ ಮಾತ್ರ ಕನ್ನಡ. ಕಾಲೇಜಿನಲ್ಲಿ ಪಾಠ ಮಾಡುವವನೊಡನೆ ಹಾಗೇ ಮಾತಾಡಬೇಕು ಎಂದು ಅವರ ತೀರ್ಮಾನ. ನಮ್ಮ ಕಡೆ ಬಸ್ಸಿನಲ್ಲಿ ಜನರಷ್ಟೇ ಹೋಗುವುದಿಲ್ಲ. ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟಿ, ಪಂಪಿನ ಬಿಡಿಭಾಗ, ಮರೆತುಹೋದ ಕನ್ನಡಕ, ಎಲ್ಲವೂ ಕಂಡಕ್ಟರ ಕೈಯಲ್ಲಿ ಊರು ಸೇರುತ್ತವೆ. ಸ್ಕ್ಯಾನಿನ ದೊಡ್ಡ ಕವರುಗಳೂ ಹಾಗೆಯೇ. ಅವನ್ನು ಮಾತ್ರ ಅವರು ಎಂಜಿನ್ನಿನ ಹತ್ತಿರ ಇಡುತ್ತಿರಲಿಲ್ಲ. ಹಿಂಬಾಗಿಲಿನ ಪಕ್ಕದ ಒಂಟಿ ಸೀಟಿನಲ್ಲಿ ಮಲಗಿಸುತ್ತಿದ್ದರು. ಯಾರಾದರೂ ಕೂರಲು ಹೋದರೆ, "ಅಣ್ಣಾ, ಅದರಲ್ಲಿ ಒಬ್ಬರ ತಲೆ ಉಂಟು, ಕೂತುಬಿಡಬೇಡಿ" ಎನ್ನುತ್ತಿದ್ದರು.

ಆ ವರ್ಷ ನನ್ನ ಅಕ್ಕನಿಗೆ ಕಾಮಾಲೆ ಬಂತು. ಬೀಡಿ ಕಟ್ಟುವ ಕೈ, ಅಂಗೈವರೆಗೂ ಹಳದಿ. ಮೈಯೆಲ್ಲ ತುರಿಕೆ, ಸಂಜೆಯಾದರೆ ಚಳಿಜ್ವರ. ಪಿತ್ತನಾಳದಲ್ಲಿ ಏನೋ ಅಡ್ಡ ಬಂದಿದೆ, ಕಲ್ಲೋ ಗಡ್ಡೆಯೋ ಸಿ.ಟಿ. ಸ್ಕ್ಯಾನಿನಲ್ಲಿ ನೋಡದೆ ಕೈ ಹಾಕುವಂತಿಲ್ಲ ಎಂದರು ಸರ್ಜನ್. ಅಕ್ಕನ ಹತ್ತಿರ ಸರಕಾರದ ಆರೋಗ್ಯ ಕಾರ್ಡು ಇತ್ತು. ನಾನು ಅತಿಥಿ ಉಪನ್ಯಾಸಕ. ಸಂಬಳ ಬಾರದೆ ತಿಂಗಳುಗಳಾಗಿದ್ದವು. ಆ ಕಾರ್ಡು ಬಿಟ್ಟರೆ ನಮಗೆ ಬೇರೆ ದಾರಿಯಿರಲಿಲ್ಲ.

ಬಂಟ್ವಾಳದಲ್ಲಿ ಕೇಳಿದೆ, ಬೆಳ್ತಂಗಡಿಗೆ ಹೋದೆ. "ಕಾರ್ಡು ಆಪರೇಶನ್ನಿಗೆ ಸರ್, ಸ್ಕ್ಯಾನಿಗಲ್ಲ" ಎಂದಳು ಕೌಂಟರಿನ ಹುಡುಗಿ. ಇನ್ನೊಂದು ಕಡೆ, ಎಡ್ಮಿಟ್ ಆದರೆ ಮಾತ್ರ ಎಂದರು. ಎಡ್ಮಿಟ್ ಮಾಡುವವರು ಮೊದಲು ಸ್ಕ್ಯಾನ್ ತನ್ನಿ ಎಂದರು. ಉಚಿತ ಸಹಾಯವಾಣಿಗೆ ಫೋನು ಮಾಡಿ ಅದರ ಸಂಗೀತ ಕೇಳಿದೆ. ಆರು ದಿನ ಹೀಗೆ ಹೋಯಿತು. ಆರನೆಯ ದಿನ ಬೆಳಿಗ್ಗೆ ಅಕ್ಕ ನನ್ನನ್ನು ತೀರಿಹೋದ ಅಪ್ಪನೆಂದುಕೊಂಡು "ಅಪ್ಪಾ" ಎಂದು ಕರೆದಳು. ಅವತ್ತು ನನಗೆ ನಿಜವಾಗಿ ಭಯವಾಯಿತು.

ಅದೇ ದಿನ ಮೂಡುಬಿದಿರೆಯಲ್ಲೂ ಎರಡು ಕಡೆ ಇಲ್ಲ ಎನ್ನಿಸಿಕೊಂಡು ವಾಪಸು ಬಸ್ಸು ಹತ್ತಿದೆ.

"ಏನು ಮಾಸ್ಟ್ರೇ, ಪರೀಕ್ಷೆಯಲ್ಲಿ ನೀವೇ ಫೇಲಾದ ಹಾಗೆ ಕಾಣ್ತೀರಿ?" ಎಂದರು ಕಂಡಕ್ಟರು.

ಎಲ್ಲವನ್ನೂ ಹೇಳಿದೆ. ಫೋನು ಮಾಡಿದ ಜಾಗಗಳ ಪಟ್ಟಿಯನ್ನೂ ತೋರಿಸಿದೆ. ಅವರು ಅದನ್ನು ನೋಡಲೂ ಇಲ್ಲ. ಹಿಂದಿನ ಸೀಟಿಗೆ ಹೋಗಿ ನಾಲ್ಕೈದು ಕವರು ತಂದು ನನ್ನ ತೊಡೆಯ ಮೇಲಿಟ್ಟರು.

"ಇದರಲ್ಲಿ ಚೀಟಿ ಉಂಟಾ? ಇಲ್ಲ. ಇದರಲ್ಲಿ? ಇಲ್ಲ. ಈಗ ಇದು ನೋಡಿ."

ಆ ಒಂದು ಕವರಿನ ಮೂಲೆಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿಯ ನಕಲು ಪಿನ್ ಆಗಿತ್ತು.

"ಕಾರ್ಡಿನಲ್ಲಿ ಸ್ಕ್ಯಾನ್ ಆಗಬೇಕಾದರೆ ಈ ಚೀಟಿ ಬೇಕು. ಚೀಟಿ ಪಿನ್ ಮಾಡಿದ ಕವರು ನನಗೆ ಕೊಡುವುದು ಒಂದೇ ಕಡೆಯವರು. ನೀವು ಬಸ್ಸು ಹತ್ತಿದಿರಲ್ಲ, ಆ ಸ್ಟ್ಯಾಂಡಿನ ಹಿಂದಿನ ಸಣ್ಣ ಆಸ್ಪತ್ರೆ, ಮೇಲಿನ ಮಾಳಿಗೆ. ಬೋರ್ಡು ಸಹ ಇಲ್ಲ. ಕಾರ್ಡಿನವರನ್ನು ಅವರೇ ಎಡ್ಮಿಟ್ ಮಾಡಿ ಸ್ಕ್ಯಾನ್ ಮಾಡ್ತಾರೆ. ಸ್ಕ್ಯಾನ್ ನೋಡುವ ಡಾಕ್ಟ್ರಮ್ಮ ನಾಳೆ ಹನ್ನೆರಡೂವರೆವರೆಗೆ ಇರ್ತಾರೆ, ಮತ್ತೆ ಬರುವುದು ಶುಕ್ರವಾರ. ಬೆಳಿಗ್ಗೆ ಬಂಟ್ವಾಳದ ಸರಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಅಕ್ಕನನ್ನು ನನ್ನ ಬಸ್ಸಿಗೇ ಹತ್ತಿಸಿ."

"ನಿಮಗೆ ಖಾತ್ರಿ ಉಂಟಾ?" ಎಂದೆ. ಹುಟ್ಟುಗುಣ.

"ನಾನು ಓದಿದ್ದು ಎಂಟನೇ ಕ್ಲಾಸು ಮಾರಾಯ್ರೆ. ಕವರು ಹೊರುತ್ತೇನೆ ಅಷ್ಟೇ."

ಮರುದಿನ ಚೀಟಿ ಸಿಕ್ಕಿತು. ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಸಿದ್ಧಕಟ್ಟೆ ಹತ್ತಿರ ಬರುವಾಗ ಕಂಡಕ್ಟರು ಕೇಳಿದರು: "ಆರೋಗ್ಯ ಕಾರ್ಡಿನ ಒಟ್ಟಿಗೆ ರೇಷನ್ ಕಾರ್ಡು ಸಹ ಕೇಳ್ತಾರೆ, ಉಂಟಲ್ಲ?"

"ಮೊಬೈಲಿನಲ್ಲಿ ಫೋಟೋ ಉಂಟು."

"ಅಯ್ಯೋ ಮಾಸ್ಟ್ರೇ! ಫೋಟೋ ನೋಡಿ ಯಾರು ಬಿಡ್ತಾರೆ? ಅಸಲು ಬೇಕು."

ಸಿದ್ಧಕಟ್ಟೆಯಲ್ಲಿ ನಮ್ಮ ಮನೆ ರಸ್ತೆಯಿಂದ ಒಂದು ಏರು ಹತ್ತಿದರೆ ಸಿಗುತ್ತದೆ. ಮುಂದಿನ ಬಸ್ಸು ಒಂದು ಗಂಟೆಯ ಮೇಲೆ. ಅಷ್ಟರಲ್ಲಿ ಡಾಕ್ಟರು ಹೊರಟುಹೋಗುತ್ತಾರೆ. ನಾನು ಇಳಿದು ಓಡಿದೆ. ಹಿಂದೆ ಡ್ರೈವರು ಹಾರ್ನು ಒತ್ತುತ್ತಿದ್ದ. ತಡವಾದರೆ ಮೂಡುಬಿದಿರೆಯಲ್ಲಿ ಸರದಿ ಬೇರೆ ಬಸ್ಸಿಗೆ ಹೋಗುತ್ತದೆ. ನಮ್ಮ ಕಡೆ ಖಾಸಗಿ ಬಸ್ಸುಗಳು ಅರ್ಧ ನಿಮಿಷಕ್ಕೆ ಜಗಳಾಡುತ್ತವೆ. ಕಂಡಕ್ಟರು ಸೀಟಿಯನ್ನು ಕಿಸೆಗೆ ಹಾಕಿ, "ನಾನು ಊದದೆ ನೀನು ಹೊರಡುವುದು ಹೇಗೆ ನೋಡುವ" ಎಂದದ್ದು ಕೇಳಿಸಿತು. ಅಥವಾ ಕೇಳಿಸಿತು ಎಂದು ಆಮೇಲೆ ನಾನೇ ಕಟ್ಟಿಕೊಂಡೆನೋ. ಕಾರ್ಡು ಹಿಡಿದು ಓಡಿ ಬಂದಾಗ ಬಸ್ಸು ಅಲ್ಲೇ ನಿಂತಿತ್ತು ಎಂಬುದೂ ನನ್ನ ನೆನಪು ಅಷ್ಟೇ.

ಏಕೆಂದರೆ ಅಕ್ಕ ಹೇಳುವುದೇ ಬೇರೆ: "ಬಸ್ಸು ಯಾವಾಗ ಕಾದದ್ದು? ನಾವು ರಿಕ್ಷಾದಲ್ಲಿ ಹೋದದ್ದು ಮಾರಾಯ." ಅವಳಿಗೆ ಅವತ್ತು ನೂರಮೂರು ಜ್ವರ. ನನಗೆ ಜ್ವರವಿರಲಿಲ್ಲ, ಆದರೆ ಬುದ್ಧಿಯೂ ನೆಟ್ಟಗಿರಲಿಲ್ಲ. ಮಾಳಿಗೆಯ ಆ ಕತ್ತಲೆ ಕೋಣೆಯಲ್ಲಿ ಡಾಕ್ಟರು ಪರದೆಯಿಂದ ಕಣ್ಣು ತೆಗೆಯದೆ, "ಗಡ್ಡೆ ಅಲ್ಲ, ಕಲ್ಲು. ಸರ್ಜನ್ನಿಗೆ ನಾನೇ ಫೋನ್ ಮಾಡ್ತೇನೆ, ಇವತ್ತೇ ಕರ್ಕೊಂಡು ಹೋಗಿ" ಎಂದದ್ದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭೇದವಿಲ್ಲ. ಅಕ್ಕ ಉಳಿದಳು.

ತಿಂಗಳ ಮೇಲೆ ಕಂಡಕ್ಟರಿಗೆ ಕೃತಜ್ಞತೆ ಹೇಳಲು ಬಾಯಿ ತೆರೆದೆ. "ಫುಟ್‌ಬೋರ್ಡಿನಲ್ಲಿ ನಿಲ್ಲಬೇಡಿ, ಒಳಗೆ ಹೋಗಿ" ಎಂದು ಮುಂದಿನ ಟಿಕೆಟ್ ಹರಿದರು. ಆಮೇಲೆ ನಾನು ಹೇಳಲೇ ಇಲ್ಲ. ಕಳೆದ ಮಳೆಗಾಲ, ರಜೆಯ ದಿನ, ಅವರು ಮನೆಯಲ್ಲೇ ಎದೆ ಹಿಡಿದುಕೊಂಡು ತೀರಿಹೋದರಂತೆ. ಹೊಸ ಕಂಡಕ್ಟರು ಕವರುಗಳನ್ನು ಸುರುಳಿ ಸುತ್ತಿ ಕಿಟಕಿ ಸರಳಿನ ಸಂದಿಗೆ ಸಿಕ್ಕಿಸುತ್ತಿರುವುದನ್ನು ಕಂಡು ವಿಚಾರಿಸಿದಾಗಲೇ ನನಗೆ ಗೊತ್ತಾದದ್ದು.

ಮೂಡುಬಿದಿರೆಯ ನಿಲ್ದಾಣದಲ್ಲಿ ಬಸ್ಸುಗಳ ಸಮಯ ಬರೆದುಕೊಳ್ಳುವ ಟೈಮ್‌ಕೀಪರ್ ಒಬ್ಬರಿದ್ದಾರೆ. ಹಳೆಯ ಪುಸ್ತಕಗಳನ್ನು ಗೋಣಿಯಲ್ಲಿ ಕಟ್ಟಿಟ್ಟಿದ್ದಾರೆ. ಮೊನ್ನೆ ಅಕ್ಕನ ಸ್ಕ್ಯಾನ್ ವರದಿ ಹಿಡಿದುಕೊಂಡು ಹೋಗಿ, ಅದರ ಮೇಲಿನ ತಾರೀಖಿನ ಪುಟ ಹುಡುಕಿಸಿದೆ. ಆ ಬಸ್ಸು ಆ ದಿನ ಹನ್ನೊಂದು ನಿಮಿಷ ತಡ. ಕಾರಣ, ಕಂಡಕ್ಟರು ಹೇಳಿದಂತೆ: ಸಿದ್ಧಕಟ್ಟೆಯಲ್ಲಿ ಟಯರ್ ಪಂಕ್ಚರ್.